ಟಪಾಲಮ್ಮನ ಎಡಗಾಲು

ಜನವರಿ ೧೨

ಅಕ್ಕ,

ಹನ್ನೊಂದು ತಿಂಗಳ ಮೇಲೆ ಬರೆಯುತ್ತಿದ್ದೇನೆ. ನನ್ನ ಅಕ್ಷರ ನೋಡಿದ ಕೂಡಲೇ ಹರಿದು ಹಾಕಬೇಡ. ಹರಿಯಲೇಬೇಕು ಅನ್ನಿಸಿದರೆ ಪೂರ್ತಿ ಓದಿ ಆಮೇಲೆ ಹರಿ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಮಾತಾಡುತ್ತೇವೆ, ಯಾರೂ ಕೇಳಿಸಿಕೊಳ್ಳುವುದಿಲ್ಲ. ಹೋದ ಸಲ ಏನಾಯಿತು ಅಂತ ಇಬ್ಬರಿಗೂ ಗೊತ್ತಿದೆ.

ವಿಷಯ ಟಪಾಲಮ್ಮನದು. ನೆನಪಿದ್ದಾರಲ್ಲ, ನಮ್ಮ ಬೀದಿಗೆ ಕಾಗದ ಹಂಚುವವರು? ಹುಟ್ಟಿನಿಂದ ಅವರ ಎಡಗಾಲು ಗಿಡ್ಡ. ಇಪ್ಪತ್ತೆಂಟು ವರ್ಷ, ಎರಡು ವರ್ಷಕ್ಕೊಂದು ಜೊತೆಯಂತೆ ಅಪ್ಪ ಅವರಿಗೆ ಬೂಟು ಮಾಡಿಕೊಟ್ಟ. ಸೋಮವಾರ ಅಂಗಡಿಗೆ ಬಂದು, ಸ್ಟೂಲಿನ ಮೇಲೆ ಕೂತು, ಎಡಗಾಲಿನ ಬೂಟು ಬಿಚ್ಚಿ ನನ್ನ ಮುಂದಿಟ್ಟರು. ಅಪ್ಪನ ಕಾಯಿಲೆಯಲ್ಲಿ ಹೊಸ ಜೊತೆ ತಪ್ಪಿಹೋಗಿ, ಇದಕ್ಕೆ ಈಗ ನಾಲ್ಕನೇ ವರ್ಷ. ಎತ್ತರಕ್ಕೆ ಹಾಕಿದ್ದ ಅಟ್ಟೆ ಸವೆದು ಪುಡಿಯಾಗಿದೆ. ಒಳಗೆ ರಟ್ಟು, ಹಳೆಯ ಲಕೋಟೆ ಎಲ್ಲ ತುರುಕಿಕೊಂಡು ನಡೆಯುತ್ತಿದ್ದಾರೆ. ಅಳೆಯೋಣ ಅಂದರೆ ಅಳತೆ ಸಿಗುವ ಸ್ಥಿತಿಯಲ್ಲೇ ಇಲ್ಲ.

“ಹೊಸದು ಮಾಡ್ಕೊಡಪ್ಪಾ,” ಅಂದರು.

“ಟಪಾಲಮ್ಮ, ನಾನೀಗ ರೆಡಿಮೇಡ್ ಚಪ್ಪಲಿ ಮಾರೋನು. ಹರಿದದ್ದು ಹೊಲಿದುಕೊಡ್ತೀನಿ, ಅಷ್ಟೇ.”

“ನೀನು ನಿಮ್ಮಪ್ಪನ ಮಗ ಹೌದೋ ಅಲ್ವೋ?”

ಬೂಟಿನೊಳಗಿನ ರಟ್ಟು ಒಂದೊಂದಾಗಿ ಹೊರಗೆ ಎಳೆದೆ.

ಹೊಸ ಪೋಸ್ಟ್‌ಮಾಸ್ಟರು ಬಂದಿದ್ದಾರಂತೆ. ಮಾರ್ಚ್ ಮೂವತ್ತಕ್ಕೆ ಬೀದಿ ಸುತ್ತುವವರಿಗೆಲ್ಲ ಪರೀಕ್ಷೆ. ಚೀಲ ಹೊತ್ತು ಏಳು ಕಿಲೋಮೀಟರು, ಎರಡೂವರೆ ಗಂಟೆಯೊಳಗೆ. ಆಗದವರಿಗೆ ನೆಲಮಾಳಿಗೆಯಲ್ಲಿ ಕಾಗದ ವಿಂಗಡಿಸುವ ಕೆಲಸ. ಟಪಾಲಮ್ಮನ ನಿವೃತ್ತಿಗೆ ಇನ್ನು ಎರಡೇ ವರ್ಷ. “ಬೇರೆಯೋರಿಗೆ ಕೂತು ಮಾಡೋ ಕೆಲಸ ಸಿಕ್ಕಿದ್ರೆ ಹಬ್ಬ. ಈ ಕಾಲಲ್ಲಿ ನಡೆದು ತೋರಿಸ್ತೀನಿ ಅಂತ ಹಟ ಹಿಡಿದು ಈ ಕೆಲಸಕ್ಕೆ ಸೇರಿದವಳು ನಾನು. ಕೂತೇ ಮುಗಿಸು ಅಂದ್ರೆ ಹೆಂಗೋ?” ಅಂದರು. ಅವರ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು.

ಆಮೇಲೆ, ಬೂಟು ಕಟ್ಟಲು ಅಪ್ಪ ಇಟ್ಟುಕೊಂಡಿದ್ದ ಅವರ ಕಾಲಿನ ಮರದ ಅಚ್ಚು ಎಲ್ಲಿ ಅಂತ ಕೇಳಿದರು. ಎಲ್ಲರ ಅಚ್ಚಿನ ಜೊತೆ ಅದನ್ನೂ ಬೇಕರಿಯವನ ಒಲೆಗೆ ಕೊಟ್ಟೆ ಅಂತ ಹೇಳಿದೆ. “ಹೋಗ್ಲಿ ಬಿಡು, ನನ್ನ ಕಾಲಲ್ಲಿ ಒಂದು ದಿನದ ಬ್ರೆಡ್ಡಾದ್ರೂ ಬೆಂದಿರುತ್ತೆ,” ಅಂದರು. ನೀನು ಬೈದಾಗ ಆಗದಷ್ಟು ನಾಚಿಕೆ ಆ ಮಾತಿಗೆ ಆಯಿತು.

ಅಕ್ಕ, ಯಾಕೆ ಹಾಗೆ ಮಾಡಿದೆ ಅಂತ ನೀನು ಕೇಳಿದ್ದೆ, ನಾನು ಹೇಳಲಿಲ್ಲ. ಅಪ್ಪ ಹೋದ ಮೇಲೆ ಬೆಳಿಗ್ಗೆ ಬಾಗಿಲು ತೆಗೆದರೆ ಗೋಡೆಯ ತುಂಬ ನೂರ ನಲವತ್ತು ಕಾಲು. ಒಂದೊಂದೂ ನನ್ನನ್ನೇ ಒದೆಯಲು ನಿಂತ ಹಾಗೆ. ತಡೆಯಲಾಗಲಿಲ್ಲ. ಅಷ್ಟೇ.

ಬೂಟು ಮಾಡುವುದು ಹೇಗೆ ಅಂತ ಹೇಳಿಕೊಡುತ್ತೀಯಾ?

ನಿನ್ನ ತಮ್ಮ

*

ಜನವರಿ ೨೦

ಎಡವಟ್ಟು ಮಹಾಶಯರಿಗೆ,

ಕಾಗದ ಬಂತು. ಹರಿಯಲಿಲ್ಲ. ಟಪಾಲಮ್ಮನ ಹೆಸರು ಬರೆದದ್ದಕ್ಕೆ ನೀನು ಬದುಕಿಕೊಂಡೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರೆ. ನಿನ್ನ ವಿಷಯದಲ್ಲಿ ಒಲೆ ಮೊದಲೇ ಉರಿಯಿತು, ಬುದ್ಧಿ ಈಗ ಬರುತ್ತಿದೆ. ಆ ನೂರ ನಲವತ್ತು ಅಚ್ಚುಗಳಲ್ಲಿ ಅರವತ್ತೆರಡು ನಾನು ಕೆತ್ತಿದ್ದು. ನಿನಗೆ ಗೊತ್ತಿತ್ತಾ? ಅಮ್ಮ ತೀರಿಕೊಂಡ ವರ್ಷ ಅಪ್ಪ ನನ್ನ ಕೈಗೆ ಮರ ಉಜ್ಜುವ ಅರ ಕೊಟ್ಟು ಕೂರಿಸಿದ. ನನಗೆ ಹನ್ನೆರಡು. ಮಾತಾಡಿದರೆ ಅಳು ಬರುತ್ತಿತ್ತು, ಮರ ಉಜ್ಜಿದರೆ ಬರುತ್ತಿರಲಿಲ್ಲ. ನೀನು ಒಲೆಗೆ ಹಾಕಿದ್ದು ಅದನ್ನೂ ಸೇರಿಸಿ. ಇದನ್ನು ಫೋನಿನಲ್ಲಿ ಹೇಳಲಾಗಲಿಲ್ಲ, ಕಿರುಚಿದೆ. ಈಗ ಹೇಳಿದ್ದೇನೆ, ಸಾಕು. ಮುಂದೆ ಕೆಲಸದ ಮಾತು.

ನೀನು ಅಚ್ಚು ಕೆತ್ತಲು ಹೋಗಬೇಡ, ನಿನ್ನ ಬೆರಳು ನಿನಗೇ ಬೇಕು. ನಾನು ಕೆತ್ತಿ ಕಳಿಸುತ್ತೇನೆ. ನೀನು ಅಳತೆ ಕಳಿಸು. ದಪ್ಪ ಕಾಗದ ನೆಲದ ಮೇಲೆ ಹಾಕಿ ಅವರನ್ನು ನಿಲ್ಲಿಸು. ಕೂರಿಸಿ ತೆಗೆಯಬೇಡ. “ಕೂತ ಕಾಲು ನೆಂಟರ ಮನೆಗೆ ಬಂದ ಹಾಗೆ ಒಳ್ಳೆಯದಾಗಿರುತ್ತೆ, ನಿಂತ ಕಾಲೇ ನಿಜ ಹೇಳೋದು,” ಅಂತ ಅಪ್ಪ ಅನ್ನುತ್ತಿದ್ದ. ಪೆನ್ಸಿಲ್ ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆ. ಬೆಳಿಗ್ಗೆ ಒಂದು ಸಲ, ಬೀದಿ ಸುತ್ತಿ ಬಂದ ಮೇಲೆ ಸಂಜೆ ಒಂದು ಸಲ. ಬೆರಳಿನ ಬುಡ, ಕಾಲಿನ ನಡು, ಹಿಮ್ಮಡಿ ಈ ಮೂರು ಕಡೆ ದಾರ ಸುತ್ತಿ, ಸರಿಯಾದ ಉದ್ದಕ್ಕೆ ಕತ್ತರಿಸಿ, ಯಾವುದು ಎಲ್ಲಿಯದು ಅಂತ ಚೀಟಿ ಕಟ್ಟಿ ಕಳಿಸು. ಚೀಟಿ ಕಟ್ಟುವುದು ಮರೆಯಬೇಡ. ನೀನು ಮರೆಯುತ್ತೀಯ ಅಂತಲೇ ಎರಡು ಸಲ ಬರೆಯುತ್ತಿದ್ದೇನೆ.

ಇದೆಲ್ಲ ಟಪಾಲಮ್ಮನಿಗಾಗಿ. ನಿನ್ನ ಮೇಲಿನ ಕೋಪ ಹಾಗೇ ಇದೆ.

ನಿನ್ನ ಅಕ್ಕ

*

ಫೆಬ್ರವರಿ ೧

ಅಕ್ಕ,

ಇದರ ಜೊತೆ ಎರಡು ಕಾಗದ, ಆರು ದಾರ ಇದೆ. ಚೀಟಿ ಕಟ್ಟಿದ್ದೇನೆ. ಮೊದಲ ಸಲ ಮರೆತಿದ್ದೆ, ಲಕೋಟೆ ಅಂಟಿಸಿದ ಮೇಲೆ ಒಡೆದು ಕಟ್ಟಿದೆ. ನಗು, ಪರವಾಗಿಲ್ಲ.

ಟಪಾಲಮ್ಮನಿಗೆ ಕಚಗುಳಿ ಅಂತ ನೀನು ಹೇಳಲೇ ಇಲ್ಲವಲ್ಲ! ಪೆನ್ಸಿಲ್ ಅಂಗಾಲಿನ ಹತ್ತಿರ ಬಂದರೆ ಸಾಕು, ಕುಣಿದುಬಿಡುತ್ತಾರೆ. ನಾಲ್ಕು ಕಾಗದ ಹರಿಯಿತು. “ನಿಮ್ಮಪ್ಪ ಮಾಡೋವಾಗ ಹಿಂಗಾಗ್ತಿರ್ಲಿಲ್ಲ,” ಅಂದರು. ಅಪ್ಪ ಏನು ಮಾಡುತ್ತಿದ್ದ ಅಂತ ಕೇಳಿದೆ. “ಏನಿಲ್ಲ, ಬಾಯಿಗೆ ಕೆಲಸ ಕೊಡ್ತಿದ್ದ. ಇವತ್ತು ಯಾರ ಮನೆ ನಾಯಿ ಅಟ್ಟಿಸ್ಕೊಂಡು ಬಂತು ಅಂತ ಕೇಳೋನು. ನಾನು ಹೇಳಿ ಮುಗಿಸೋದ್ರೊಳಗೆ ಅಳತೆ ಮುಗಿದಿರೋದು.” ಸರಿ, ನಾನೂ ನಾಯಿಗಳ ಬಗ್ಗೆ ಕೇಳಿದೆ. ಹನ್ನೊಂದು ನಾಯಿಗಳ ಜಾತಕ ಹೇಳಿದರು. ಅಳತೆ ಮುಗಿಯಿತು.

ನಿನ್ನ ಕಾಗದ ತಂದುಕೊಟ್ಟವರೂ ಅವರೇ. ಕೈಯಲ್ಲಿ ತೂಗಿ ನೋಡಿ, “ಒಂದೂವರೆ ಹಾಳೆ. ಬೈಗುಳ ಒಂದು ಹಾಳೆ, ಬುದ್ಧಿಮಾತು ಅರ್ಧ ಹಾಳೆ,” ಅಂದರು. ಎಷ್ಟು ಸರಿಯಾಗಿ ಹೇಳಿದರು ನೋಡು. ನಾನು ಒಡೆದು ಓದುವವರೆಗೆ ಬಾಗಿಲಲ್ಲೇ ನಿಂತಿದ್ದರು. ಓದಿ ಮುಗಿಸಿದ ಮೇಲೆ ಚೀಲ ಹೆಗಲಿಗೇರಿಸಿ ಹೊರಟರು.

ಅಳತೆ ತೆಗೆಯುವಾಗ ನೆಲದ ಮೇಲೆ ಕೂತಿದ್ದೆನಲ್ಲ, ಅಲ್ಲಿಂದ ಅಂಗಡಿ ಬೇರೆಯೇ ಕಾಣಿಸಿತು. ಅಪ್ಪ ಇಡೀ ಜೀವನ ಅಲ್ಲಿಂದ ನೋಡಿದ್ದು. ಬಂದವರೆಲ್ಲ ಸ್ಟೂಲಿನ ಮೇಲೆ, ಅಪ್ಪ ಮಣೆಯ ಮೇಲೆ. ಒಮ್ಮೆ ಕೇಳಿದ್ದೆ, ನೀನು ಯಾಕೆ ಯಾವಾಗಲೂ ಕೆಳಗೆ ಕೂರುತ್ತೀಯ ಅಂತ. “ಕಾಲು ತೋರಿಸೋಕೆ ನಾಚಿಕೆ ಪಡೋ ಜನ ಕಣೋ ನಮ್ಮ ಗಿರಾಕಿಗಳು. ನಾವು ಅವರಿಗಿಂತ ಕೆಳಗಿದ್ರೆ ನಾಚಿಕೆ ಅರ್ಧ ಕಡಿಮೆಯಾಗುತ್ತೆ,” ಅಂದಿದ್ದ. ಆ ಮಣೆಯನ್ನು ನಾನು ಒಲೆಗೆ ಕೊಟ್ಟಿಲ್ಲ. ಅದೊಂದು ಸಮಾಧಾನ ಮಾಡಿಕೋ.

ಅರವತ್ತೆರಡು ಅಂತ ನಿಜವಾಗಿಯೂ ಗೊತ್ತಿರಲಿಲ್ಲ. ತಪ್ಪಾಯಿತು. ಹೊಟ್ಟೆಗೆ ಹಾಕಿಕೋ.

ನಿನ್ನ ತಮ್ಮ

*

ಫೆಬ್ರವರಿ ೧೨

ತಮ್ಮಾ,

ಪಾರ್ಸೆಲ್ಲಿನಲ್ಲಿ ಎರಡು ಅಚ್ಚು ಇದೆ. ಎರಡು ಭಾನುವಾರ ಹಿಡಿಯಿತು. ಮನೆಯೊಡತಿ ಬಂದು, ಅಡುಗೆಮನೆ ತುಂಬ ಮರದ ಪುಡಿ ನೋಡಿ, ಬಾಡಿಗೆ ಕರಾರಿನಲ್ಲಿ ಬಡಗಿ ಕೆಲಸ ಇಲ್ಲ ಅಂದಳು. ಬಡಗಿ ಕೆಲಸ ಅಲ್ಲ, ಕಾಲು ಮಾಡುತ್ತಿದ್ದೇನೆ ಅಂದೆ. ಆಮೇಲೆ ಅವಳು ಈ ಕಡೆ ಬಂದಿಲ್ಲ.

ಏಳು ವರ್ಷದ ಮೇಲೆ ಅರ ಹಿಡಿದೆ. ಮೊದಲ ಅರ್ಧ ಗಂಟೆ ಕೈ ನನ್ನ ಮಾತು ಕೇಳಲಿಲ್ಲ. ಆಮೇಲೆ ಅಪ್ಪನ ಮಾತು ಕೇಳಿತು. “ಉಬ್ಬು ಇರೋ ಕಡೆ ಮರ ತೆಗೀಬೇಡ, ಅದರ ಸುತ್ತಮುತ್ತ ತೆಗಿ,” ಅನ್ನುತ್ತಿದ್ದನಲ್ಲ, ಹಾಗೇ ಮಾಡಿದೆ. ಕಿರುಬೆರಳ ಹತ್ತಿರ ಅವರಿಗೆ ಹೊಸದಾಗಿ ಒಂದು ಗಂಟು ಬಂದಿದೆ. ಹಳೆಯ ಅಚ್ಚು ಇದ್ದಿದ್ದರೂ ಅದನ್ನು ತಿದ್ದಬೇಕಿತ್ತು. ಇದನ್ನು ಹೇಳುವುದು ನಿನ್ನ ಸಮಾಧಾನಕ್ಕಲ್ಲ, ನಿಜವಾದ್ದರಿಂದ ಹೇಳುತ್ತಿದ್ದೇನೆ.

ಇಲ್ಲಿ ಕಾರ್ಖಾನೆಯಲ್ಲಿ ನಾನು ಈಗಲೂ ಎಡಗಾಲಿನ ಸಾಲಿನಲ್ಲೇ ಇದ್ದೇನೆ. ದಿನಕ್ಕೆ ನಾನೂರು ಎಡ ಅಟ್ಟೆ ಅಂಟಿಸುತ್ತೇನೆ. ಪಕ್ಕದ ಸಾಲಿನವಳು ಬಲ. ಒಂಬತ್ತು ಸೈಜು ಇದೆ, ಲೋಕದ ಕಾಲೆಲ್ಲ ಒಂಬತ್ತೇ ಥರ ಅಂತ ಕಂಪನಿಯವರ ನಂಬಿಕೆ. ಸಂಬಳ ಸರಿಯಾಗಿ ಬರುತ್ತದೆ, ದೂರಿಲ್ಲ. ಆದರೆ ನಾನು ಹೊರಟ ದಿನ ಅಪ್ಪ ಬಸ್ ನಿಲ್ದಾಣಕ್ಕೆ ಬರಲಿಲ್ಲ. “ಕೆಲಸ ಇದೆ,” ಅಂದ. ಆಮೇಲೆ ನಾನು ಪ್ರತಿ ಸಲ ಊರಿಗೆ ಬಂದಾಗಲೂ ಊಟ ಆಯ್ತಾ, ನಿದ್ದೆ ಬರುತ್ತಾ, ಮನೆಯಲ್ಲಿ ಗಾಳಿ ಬೆಳಕು ಇದೆಯಾ ಎಲ್ಲ ಕೇಳುತ್ತಿದ್ದ. ಕಾರ್ಖಾನೆಯ ಬಗ್ಗೆ ಒಂದೇ ಒಂದು ಮಾತು ಕೇಳಲಿಲ್ಲ. ಕಲಿಸಿದ್ದನ್ನೆಲ್ಲ ಬಿಟ್ಟು ಹೋದಳು ಅಂತ ಕೊನೆಯವರೆಗೂ ಮನಸ್ಸಿನಲ್ಲಿತ್ತು ಅಂತ ಕಾಣುತ್ತದೆ. ಇರಲಿ.

ಇನ್ನು ಬೂಟು. ಚರ್ಮ ನೆನೆಸಿ ಅಚ್ಚಿನ ಮೇಲೆ ಎಳೆದು ಮೊಳೆ ಹೊಡೆ, ಎರಡು ದಿನ ಒಣಗಲಿ. ಹೊಲಿಗೆ ನಿನಗೆ ಬರುತ್ತದೆ, ನಿನ್ನ ಹೊಲಿಗೆಯಲ್ಲಿ ನಾನು ತಪ್ಪು ಕಂಡದ್ದಿಲ್ಲ. ಎಡಗಾಲಿನ ಅಡಿಗೆ ಎಷ್ಟು ಎತ್ತರ ಕೊಡಬೇಕು ಅನ್ನುವುದು ಮಾತ್ರ ನನಗೆ ಗೊತ್ತಿಲ್ಲ. ಅದನ್ನು ಅಪ್ಪನೇ ನೋಡುತ್ತಿದ್ದ. ಚೀಟಿಯಲ್ಲಿ ಬರೆದು ಕೊಡುತ್ತಿದ್ದ, ನಾನು ಅಷ್ಟು ಕತ್ತರಿಸುತ್ತಿದ್ದೆ. ಕಾಲು ಎಷ್ಟು ಗಿಡ್ಡವೋ ಅಳೆದು ನೋಡಿಕೋ.

ನಿನ್ನ ಅಕ್ಕ

*

ಮಾರ್ಚ್ ೨

ಅಕ್ಕ,

ಎಲ್ಲ ಹಾಳಾಯಿತು.

ಮೊದಲಿನಿಂದ ಹೇಳುತ್ತೇನೆ. ನಿನ್ನ ಪಾರ್ಸೆಲ್ ಹೊತ್ತು ತಂದು, “ನನ್ನ ಕಾಲನ್ನ ನಾನೇ ಬಗಲಲ್ಲಿಟ್ಕೊಂಡು ಬಂದೆ ನೋಡು,” ಅಂತ ಟಪಾಲಮ್ಮ ಬೀದಿಗೆಲ್ಲ ಕೇಳಿಸುವ ಹಾಗೆ ನಕ್ಕರು. ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ ಅಳೆದೆ. ಎಡಗಾಲು ಒಂದೂಕಾಲು ಇಂಚು ಗಿಡ್ಡ. ಎರಡು ಸಲ ಅಳೆದೆ, ಅಷ್ಟೇ ಬಂತು. ಸರಿಯಾಗಿ ಒಂದೂಕಾಲು ಇಂಚು ಎತ್ತರ ಕೊಟ್ಟು ಬೂಟು ಮುಗಿಸಿದೆ. ನಿಜ ಹೇಳುತ್ತೇನೆ, ಬೂಟು ಚೆನ್ನಾಗಿತ್ತು. ಹಾಕಿಕೊಂಡು ನಿಂತಾಗ ಅವರ ಎರಡು ಭುಜವೂ ಒಂದೇ ಸಮ. ಹುಟ್ಟಿದಾಗಿನಿಂದ ಅವರನ್ನು ಹಾಗೆ ಯಾರೂ ನೋಡಿರಲಿಲ್ಲ. ಬೇಕರಿಯವನು ಓಡಿಬಂದು ನೋಡಿದ. ನಾನು ಒಳಗೊಳಗೇ ಹಿಗ್ಗಿಬಿಟ್ಟೆ.

“ಹೆಂಗಿದೆ?” ಅಂದೆ.

“ಹಾಯಾಗಿದೆ ಮಗಾ. ಹೂವಿನ ಮೇಲೆ ನಿಂತಂಗಿದೆ.”

ಪ್ರತಿದಿನ ಕೇಳಿದೆ. ಪ್ರತಿದಿನ ಹೂವು. ಒಂಬತ್ತನೇ ದಿನ ಬೇರೆ ಯಾರೋ ಕಾಗದ ಹಂಚಲು ಬಂದರು. ಮನೆಗೆ ಹೋಗಿ ನೋಡಿದರೆ ಟಪಾಲಮ್ಮ ಮಂಚದಲ್ಲಿ, ಮಗ್ಗುಲು ಬದಲಿಸಲೂ ಆಗುತ್ತಿಲ್ಲ. ಬೆನ್ನು, ಸೊಂಟ ಎಲ್ಲ ಹಿಡಿದುಕೊಂಡಿದೆ. ಎರಡನೇ ದಿನವೇ ನೋವು ಶುರುವಾಗಿತ್ತಂತೆ.

“ಮತ್ತೆ ಯಾಕೆ ಹೇಳ್ಲಿಲ್ಲ?” ಅಂತ ಕೂಗಾಡಿದೆ. ಮಲಗಿದವರ ಮೇಲೆ ಕೂಗಾಡಿದೆ ಅಕ್ಕ, ಎಂಥವನು ನಾನು.

“ಅಪ್ಪ ಇಲ್ಲದ ಹುಡುಗ, ಮೊದಲನೇ ಬೂಟು. ಅಷ್ಟು ಆಸೆಯಿಂದ ಮುಖ ನೋಡ್ತಿದ್ದೆ. ಏನಂತ ಹೇಳ್ಲೋ?”

ಮೂವತ್ತೊಂದು ವರ್ಷದವನಿಗೆ ಅಪ್ಪ ಇಲ್ಲದ ಹುಡುಗ ಅಂದರು. ಹೊರಗೆ ಬಂದು ಅವರ ಮೆಟ್ಟಿಲ ಮೇಲೆ ಕೂತು ಅತ್ತೆ.

ಪರೀಕ್ಷೆಗೆ ಇನ್ನು ನಾಲ್ಕು ವಾರ. ಈಗ ಅವರು ನೆಲಮಾಳಿಗೆಗೆ ಹೋದರೆ ಅದು ನನ್ನಿಂದ. ಹಳೆಯ ಬೂಟಿಗೆ ರಟ್ಟು ತುರುಕಿಕೊಂಡಾದರೂ ನಡೆಯುತ್ತಿದ್ದರಲ್ಲ! ಅಪ್ಪ ನಿನಗೆ ವಿದ್ಯೆ ಕಲಿಸಿದ, ನನ್ನನ್ನು ಜೊತೆಗೆ ತಿರುಗಾಡಿಸಿಕೊಂಡು ಬಂದ. ಯಾರ ಕೈಯಲ್ಲಿ ಏನಾಗುತ್ತದೆ ಅಂತ ಅವನಿಗೆ ಮೊದಲೇ ಗೊತ್ತಿತ್ತು. ಅಚ್ಚು ವಾಪಸ್ ಕಳಿಸಲಾ?

ನಿನ್ನ ತಮ್ಮ

*

ಮಾರ್ಚ್ ೮

ತಮ್ಮಾ,

ಅಚ್ಚು ಕಳಿಸಿದರೆ ಅದೇ ಅಚ್ಚಿನಲ್ಲಿ ನಿನ್ನ ತಲೆಗೆ ಬಾರಿಸುತ್ತೇನೆ. ಅಳುವುದು ಮುಗಿದಿದ್ದರೆ ಇದನ್ನು ಗಮನವಿಟ್ಟು ಓದು.

ತಪ್ಪು ನನ್ನದೂ ಇದೆ. ಅಳೆದು ನೋಡಿಕೋ ಅಂತ ಸುಲಭವಾಗಿ ಬರೆದುಬಿಟ್ಟೆ. ನಿನ್ನ ಕಾಗದ ಓದಿದಾಗಿನಿಂದ ತಲೆ ಕೆರೆದುಕೊಂಡೆ. ನಿನ್ನೆ ಅಟ್ಟೆ ಅಂಟಿಸುತ್ತಿದ್ದಾಗ ನೆನಪಾಯಿತು. ಅಪ್ಪ ಕೊಡುತ್ತಿದ್ದ ಚೀಟಿ. ಟಪಾಲಮ್ಮನ ಕಾಲಿಗೆ ಅವನು ಯಾವತ್ತೂ ಒಂದು ಇಂಚು ಅಂತ ಬರೆದೇ ಇಲ್ಲ! ಒಮ್ಮೆ ಮುಕ್ಕಾಲು, ಇನ್ನೊಮ್ಮೆ ಮುಕ್ಕಾಲಿಗಿಂತ ಚೂರು ಜಾಸ್ತಿ. ನಾನೂ ಒಂದು ಸಲ ಜಗಳ ತೆಗೆದಿದ್ದೆ: “ಒಂದೂಕಾಲು ಇಂಚು ಗಿಡ್ಡ ಅಂತ ನೀನೇ ಅಂದೆ, ಮುಕ್ಕಾಲು ಕೊಡ್ತೀಯ. ಮಿಕ್ಕಿದ್ದು ಯಾರು ಕೊಡ್ತಾರೆ?”

ಅಪ್ಪ ಸುತ್ತಿಗೆ ಕೆಳಗಿಟ್ಟ. “ಕೊರತೆ ಪೂರ್ತಿ ತುಂಬಬಾರದು ಮಗಳೇ. ಇಷ್ಟು ವರ್ಷ ಅದರ ಜೊತೆ ನಡೆದು ಅವಳ ಬೆನ್ನು, ಸೊಂಟ ಎಲ್ಲ ಅದಕ್ಕೆ ಹೊಂದ್ಕೊಂಡು ಒಂದು ದಾರಿ ಮಾಡ್ಕೊಂಡಿವೆ. ನಾವು ಹೋಗಿ ಏಕ್ದಂ ಸಮ ಮಾಡಿದ್ರೆ ಆ ಮೈ ಎಲ್ಲಿಗೆ ಹೋಗ್ಬೇಕು? ನೋವು ಕಡಿಮೆ ಮಾಡೋದಷ್ಟೇ ನಮ್ಮ ಕೆಲಸ. ಮಿಕ್ಕಿದ್ದು ಅವಳದ್ದು, ಅವಳೇ ನಡೀತಾಳೆ.”

ನನಗೆ ಆಗ ಹದಿನೈದು. ಅಪ್ಪನಿಗೆ ಚರ್ಮ ಉಳಿಸುವ ಆಸೆ ಅಂದುಕೊಂಡೆ.

ಆದರೆ ಮುಕ್ಕಾಲು ಅಂತ ನೀನೂ ಕುರುಡಾಗಿ ಹಾಕಬೇಡ. ಅದು ಹಳೆಯ ಮಾತು, ಅವರಿಗೆ ವಯಸ್ಸಾಗಿದೆ. ಪ್ರತಿ ಸಲವೂ ಅಪ್ಪ ಹೊಸದಾಗಿ ನೋಡಿಯೇ ಬರೆಯುತ್ತಿದ್ದ. ಹೇಗೆ ನೋಡುತ್ತಿದ್ದ ಅಂತ ನನ್ನನ್ನು ಕೇಳಬೇಡ. ಗುರುವಾರ ಮಧ್ಯಾಹ್ನ ಅಂಗಡಿ ಮುಚ್ಚಿ, ಗಿರಾಕಿಯನ್ನು ಕರೆದುಕೊಂಡು ಶಾಲೆಯ ಗೋಡೆಯ ಪಕ್ಕದ ರಸ್ತೆಗೆ ಹೋಗುತ್ತಿದ್ದದ್ದು ನೀವಿಬ್ಬರು. ನಾನು ಒಳಗೆ ಕೂತು ಮರ ಉಜ್ಜುತ್ತಿದ್ದೆ. ನೀವು ಬರುವ ಹೊತ್ತಿಗೆ ನಿಮ್ಮಿಬ್ಬರ ಮುಖದಲ್ಲೂ ನಗು ಇರುತ್ತಿತ್ತು. ನನಗೆ ಹೊಟ್ಟೆಕಿಚ್ಚು ಆಗುತ್ತಿತ್ತು, ನಿನಗೆ ಯಾವತ್ತೂ ಹೇಳಿಲ್ಲ. ನಿನ್ನನ್ನು ಸುಮ್ಮನೆ ತಿರುಗಾಡಿಸಿದ ಅಂತೀಯ. ಕೆಲಸವಿದ್ದ ದಿನ ಅಪ್ಪ ಸುಮ್ಮನೆ ತಿರುಗಾಡಿದ್ದನ್ನು ನೀನು ನೋಡಿದ್ದೀಯಾ?

ಅಲ್ಲಿ ಏನು ಮಾಡುತ್ತಿದ್ದಿರಿ? ಯೋಚನೆ ಮಾಡು.

ನಿನ್ನ ಅಕ್ಕ

*

ಮಾರ್ಚ್ ೧೭

ಅಕ್ಕ,

ನಿನ್ನ ಪ್ರಶ್ನೆ ಓದಿ ಅಂಗಡಿ ಬಾಗಿಲು ಹಾಕಿಕೊಂಡು ಶಾಲೆಯ ಗೋಡೆಯ ಹತ್ತಿರ ಹೋಗಿ ನಿಂತೆ. ದಾರಿಹೋಕರು ಏನಂದುಕೊಂಡರೋ.

ಏನು ಮಾಡುತ್ತಿದ್ದೆವು ಗೊತ್ತಾ? ಗಿರಾಕಿ ಮುಂದೆ ನಡೆಯುವುದು, ನಾವಿಬ್ಬರೂ ಹಿಂದೆ. ಅಪ್ಪ ಕೇಳುತ್ತಿದ್ದ: “ಏನು ಕೇಳಿಸ್ತು?” ನಾನು ಬಾಯಲ್ಲಿ ಸದ್ದು ಮಾಡಿ ತೋರಿಸುತ್ತಿದ್ದೆ. ಟಕ್, ಧಪ್. ಟಕ್, ಧಪ್. ಅಪ್ಪ ಬಗ್ಗಿ ಅಟ್ಟೆಗೆ ತೆಳ್ಳಗೆ ಒಂದು ಪದರ ಚರ್ಮ ಸೇರಿಸುತ್ತಿದ್ದ. ಮತ್ತೆ ನಡೆಯುವುದು. “ಈಗ?” ಟಕ್, ಟಪ್. “ಎರಡೂ ಟಕ್, ಟಕ್ ಅಂತ ಒಂದೇ ಥರ ಕೇಳಿಸಿದ್ರೆ ಹೇಳು, ಒಂದು ಪದರ ಕಿತ್ತುಬಿಡೋಣ,” ಅನ್ನುತ್ತಿದ್ದ. “ಅವರವರ ನಡಿಗೆ ಅವರವರಿಗಿರಲಿ. ಕಾಲೆಳೆಯೋ ಸದ್ದು ಮಾತ್ರ ಹೋಗಬೇಕು.” ಏಳು ವರ್ಷ ಇದನ್ನು ಮಾಡಿದ್ದೇನೆ ಅಕ್ಕ. ಕೈಗೆಲಸ ಬಾರದ ಹುಡುಗನಿಗೆ ಹೊತ್ತು ಹೋಗಲಿ ಅಂತ ಅಪ್ಪ ಆಡಿಸುತ್ತಿದ್ದ ಆಟ ಅಂದುಕೊಂಡಿದ್ದೆ.

ಟಪಾಲಮ್ಮ ಎದ್ದು ಕೂತಿದ್ದಾರೆ, ಅವರಿಗೆ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. “ಆಟ ಅಲ್ಲ ಕಣೋ. ನಿಮ್ಮಪ್ಪನಿಗೆ ಕಿವಿ ಎಲ್ಲಿ ಕೇಳಿಸ್ತಿತ್ತು? ಮೂವತ್ತು ವರ್ಷ ಸುತ್ತಿಗೆ ಬಡಿದು ಬಡಿದು ಕಿವಿ ಹೋಗಿತ್ತು. ತುಟಿ ನೋಡ್ಕೊಂಡು ಮಾತಾಡ್ತಿದ್ದ. ನಮ್ಮ ಹುಡುಗ ಇರೋದಕ್ಕೆ ಅಂಗಡಿ ನಡೀತಿದೆ ಅಂತ ನನ್ನ ಹತ್ರ ಎಷ್ಟು ಸಲ ಹೇಳಿಲ್ಲ!”

ನನ್ನ ಹತ್ತಿರ ಒಂದು ಸಲವೂ ಹೇಳಲಿಲ್ಲವಲ್ಲ, ಅಪ್ಪ ಅನ್ನೋ ಪ್ರಾಣಿ! ನಾವು ಜೋರಾಗಿ ಮಾತಾಡುವ ಮನೆಯವರು, ಅದಕ್ಕೇ ನಮಗೆ ಗೊತ್ತಾಗಲೇ ಇಲ್ಲ. ಅವತ್ತು ಇಡೀ ದಿನ ಖುಷಿಯಲ್ಲಿ ಹುಚ್ಚನ ಹಾಗೆ ಓಡಾಡಿದೆ.

ನಾನು ನಿನಗೆ ಹೇಳದೆ ಇಟ್ಟುಕೊಂಡದ್ದೂ ಒಂದಿದೆ. ಹೊಟ್ಟೆಕಿಚ್ಚು ನಿನಗೆ ಮಾತ್ರ ಇತ್ತು ಅಂದುಕೊಳ್ಳಬೇಡ. ನೀನು ಹೋಗಿ ಆರು ತಿಂಗಳಿಗೆ ಅಪ್ಪ ಪೇಟೆಗೆ ಹೋಗಿ ನಿನ್ನ ಕಾರ್ಖಾನೆಯ ಬೂಟು ಕೊಂಡು ತಂದ. ಹುಟ್ಟಿದಾಗಿನಿಂದ ಅಂಗಡಿಯ ಬೂಟು ಕಾಲಿಗೆ ಹಾಕದ ಮನುಷ್ಯ! ಹೆಬ್ಬೆರಳಿಗೆ ಬೊಬ್ಬೆ ಬಂತು, ಬಿಚ್ಚಲಿಲ್ಲ. ಗಿರಾಕಿಗಳು ಬಂದಾಗ ಎಡಗಾಲು ಮುಂದೆ ಚಾಚಿ ಕೂರುತ್ತಿದ್ದ. “ಎಡಗಾಲಿಂದು ನನ್ನ ಮಗಳು ಮಾಡಿದ್ದು. ಬಲಗಾಲಿಂದು ಯಾರದೋ, ಗೊತ್ತಿಲ್ಲ.” ನೀನು ಬರುವ ದಿನ ಮಾತ್ರ ಬಿಚ್ಚಿ ಮಂಚದ ಕೆಳಗೆ ಅಡಗಿಸುತ್ತಿದ್ದ. ಕಾರ್ಖಾನೆಯ ಮಾತೆತ್ತಿದರೆ ಎಲ್ಲಿ ವಾಪಸ್ ಬಾ ಅಂದುಬಿಡುತ್ತೇನೋ ಅಂತ ಅವನಿಗೆ ಭಯ. ಬಸ್ ನಿಲ್ದಾಣಕ್ಕೂ ಅದಕ್ಕೇ ಬರಲಿಲ್ಲ. ನನಗೆ ಅವತ್ತೇ ಹೇಳಿದ್ದ. ನಾನು ಮುಚ್ಚಿಟ್ಟೆ.

ನಾಳೆಯಿಂದ ಟಪಾಲಮ್ಮ ಮತ್ತು ನಾನು ಗೋಡೆಯ ಹತ್ತಿರ. ಅರ್ಧ ಇಂಚಿನಿಂದ ಶುರು ಮಾಡುತ್ತೇನೆ.

ನಿನ್ನ ತಮ್ಮ

*

ಮಾರ್ಚ್ ೨೩

ತಮ್ಮಾ,

ಊಟದ ಬಿಡುವಿನಲ್ಲಿ ಓದಿದೆ. ಓದಬಾರದಿತ್ತು. ಮಧ್ಯಾಹ್ನ ನಲವತ್ತು ಅಟ್ಟೆ ಸೊಟ್ಟ ಅಂಟಿಸಿ ಮೇಲ್ವಿಚಾರಕನ ಹತ್ತಿರ ಬೈಸಿಕೊಂಡೆ. ಬೈದದ್ದು ಒಂದೂ ತಾಗಲಿಲ್ಲ. ನಗುತ್ತಾ ಅಳುತ್ತಾ ಇದ್ದೆ, ಅವನೇ ಹೆದರಿ ಹೋದ.

ಪಕ್ಕದ ಸಾಲಿನವಳಿಗೆ ಕಾಗದ ಓದಿ ಹೇಳಿದೆ. “ಬಲಗಾಲಿಂದು ಯಾರದೋ” ಅಂದದ್ದಕ್ಕೆ ಮುನಿಸಿಕೊಂಡಿದ್ದಾಳೆ.

ಏಳು ವರ್ಷ ಮುಚ್ಚಿಟ್ಟೆಯಲ್ಲೋ ಪಾಪಿ! ಬಂದು ಕಿವಿ ಹಿಂಡಬೇಕು. ಆದರೂ ಹೇಳಿದೆಯಲ್ಲ, ನಿನ್ನ ಹೊಟ್ಟೆ ತಣ್ಣಗಿರಲಿ. ಅಪ್ಪ ನನ್ನ ಕೈಗೊಂದು ಕಲಿಸಿದ, ನಿನ್ನ ಕಿವಿಗೊಂದು ಕಲಿಸಿದ. ನಾವಿಬ್ಬರೂ ಅವನು ಇನ್ನೊಬ್ಬರಿಗೆ ಕೊಟ್ಟದ್ದನ್ನೇ ನೋಡುತ್ತಾ ಕೂತೆವು. ಅಂಥ ಅಪ್ಪ ಸಿಕ್ಕಿದ್ದಕ್ಕೆ ನಾನು ಯಾವತ್ತೂ ಅವನ ಎದುರು ಒಂದು ಒಳ್ಳೆಯ ಮಾತು ಆಡಲಿಲ್ಲ. ಈಗ ನಿನ್ನ ಹತ್ತಿರ ಆಡುತ್ತಿದ್ದೇನೆ, ಅವನ ಪರವಾಗಿ ಕೇಳಿಸಿಕೋ.

ಒಂದೊಂದೇ ಪದರ ಹಾಕು. ಅವಸರ ಮಾಡಬೇಡ. ಫಲಿತಾಂಶ ತಕ್ಷಣ ಬರಿ.

ನಿನ್ನ ಅಕ್ಕ

*

ಮಾರ್ಚ್ ೩೦

ಅಕ್ಕ,

ಈಗಷ್ಟೇ ಬಂದೆ. ಅಂಗಡಿ ಬಾಗಿಲನ್ನೂ ಪೂರ್ತಿ ತೆಗೆದಿಲ್ಲ, ಬರೆಯುತ್ತಿದ್ದೇನೆ.

ಎತ್ತರ ಎಷ್ಟಕ್ಕೆ ನಿಂತಿತು ಹೇಳು? ಮುಕ್ಕಾಲೂ ಅಲ್ಲ. ಅದಕ್ಕಿಂತ ಒಂದು ಪದರ ಕಡಿಮೆ. ಐದು ದಿನ ಗೋಡೆಯ ಪಕ್ಕದಲ್ಲಿ ನಡೆಸಿ ನಡೆಸಿ ಕೇಳಿದೆ. ಮುಕ್ಕಾಲಿಗೆ ತಂದಾಗ ಸದ್ದು ಚೆನ್ನಾಗಿಯೇ ಇತ್ತು, ಆದರೆ ಹತ್ತು ಹೆಜ್ಜೆಗೊಮ್ಮೆ ಒಂದು ಚೂರು ತಡೆದು ಬರುತ್ತಿತ್ತು. ಕಿತ್ತೆ. ನಿಂತುಹೋಯಿತು. ಈ ಸಲ ಟಪಾಲಮ್ಮನನ್ನು ಹೇಗಿದೆ ಅಂತ ಕೇಳಲೇ ಇಲ್ಲ. ಕೇಳಿದರೆ ಮತ್ತೆ ಹೂವು ಅನ್ನುತ್ತಾರೆ.

ಬೆಳಿಗ್ಗೆ ಎಂಟಕ್ಕೆ ಹೊರಟೆವು. ಮುಂದೆ ಚೀಲ ಹೊತ್ತ ಟಪಾಲಮ್ಮ, ಪಕ್ಕದಲ್ಲಿ ಸೈಕಲ್ ತಳ್ಳಿಕೊಂಡು ಪೋಸ್ಟ್‌ಮಾಸ್ಟರು, ಕೈಯಲ್ಲಿ ಗಡಿಯಾರ. ಹಿಂದೆ ನಾನು. “ನೀವ್ಯಾರು?” ಅಂತ ಪೋಸ್ಟ್‌ಮಾಸ್ಟರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಟಪಾಲಮ್ಮ, “ನಮ್ಮ ಕಡೆಯವನು, ಇರ್ಲಿ ಬಿಡಿ,” ಅಂದರು. ಏಳು ಕಿಲೋಮೀಟರು ನಾನು ಮನೆ ನೋಡಲಿಲ್ಲ, ಜನ ನೋಡಲಿಲ್ಲ. ಕೇಳುತ್ತಾ ನಡೆದೆ. ಟಕ್, ಟಪ್. ಟಕ್, ಟಪ್. ಸೇತುವೆಯ ಏರಿನಲ್ಲಿ ಹೆಜ್ಜೆ ಭಾರವಾಯಿತು, ನನ್ನ ಜೀವ ಬಾಯಿಗೆ ಬಂತು. ಏರು ಮುಗಿದ ಮೇಲೆ ಮತ್ತೆ ಸರಿಹೋಯಿತು. ಹಿಂದಿನಿಂದ ನೋಡಿದರೆ ಅವರ ಭುಜ ಮೊದಲಿನ ಹಾಗೇ ಒಂದು ಕಡೆ ವಾಲಿದೆ. ಆ ವಾಲಿದ ಭುಜವೇ ನನಗೆ ಧೈರ್ಯ ಕೊಟ್ಟಿತು. ಕೊನೆಯ ಎರಡು ಬೀದಿಯಲ್ಲಿ ಪೋಸ್ಟ್‌ಮಾಸ್ಟರು ಸೈಕಲ್ ಹತ್ತಬೇಕಾಯಿತು.

ಎರಡು ಗಂಟೆ ಹದಿನಾರು ನಿಮಿಷ. ಪೋಸ್ಟ್‌ಮಾಸ್ಟರು ರಿಜಿಸ್ಟರಿನಲ್ಲಿ ಬರೆದುಕೊಂಡು, “ಮುಂದುವರೀಬಹುದು,” ಅಂದರು. ಅಷ್ಟೇ. ಟಪಾಲಮ್ಮ ಕೈಮುಗಿದು ಹೊರಗೆ ಬಂದು ಕಚೇರಿಯ ಮೆಟ್ಟಿಲ ಮೇಲೆ ಕೂತರು. ನನ್ನ ಕಣ್ಣೆಲ್ಲ ಮಂಜು. ಏನಾದರೂ ಒಳ್ಳೆಯ ಮಾತು ಹೇಳುತ್ತಾರೆ ಅಂತ ಎದುರಿಗೆ ನಿಂತಿದ್ದೆ.

“ಕಿರುಬೆರಳು ಒತ್ತುತ್ತೆ,” ಅಂದರು.

“ಏನು?”

“ಕಿವುಡನಾ ನೀನೂ? ಕಿರುಬೆರಳು ಒತ್ತುತ್ತೆ ಅಂದೆ. ಸೇತುವೆ ಹತ್ರದಿಂದ ಪ್ರಾಣ ಹೋಗ್ತಿದೆ. ಗಂಟು ಇರೋ ಕಡೆ ಚರ್ಮ ಅಷ್ಟು ಬಿಗಿಯಾಗಿ ಎಳೀತಾರೇನೋ? ಯಾರೋ ನಿನಗೆ ಬೂಟು ಮಾಡೋಕೆ ಕಲಿಸಿದ್ದು? ನಾಳೆ ಬೆಳಿಗ್ಗೆ ಎಂಟು ಗಂಟೆಗೆ ನಾನು ಡ್ಯೂಟಿಗೆ ಹೋಗ್ಬೇಕು, ಅಷ್ಟರೊಳಗೆ ಸರಿ ಮಾಡಿಡು. ಸಬೂಬು ಹೇಳಿದ್ರೆ ಕೇಳೋಳಲ್ಲ ನಾನು.”

ಅಕ್ಕ, ಅಪ್ಪನಿಗೆ ಅವರು ಇಪ್ಪತ್ತೆಂಟು ವರ್ಷ ಬೈದದ್ದು ಇದೇ ಗಂಟಲಲ್ಲಿ. ನಾವಿಬ್ಬರೂ ಒಳಗಿನಿಂದ ಕೇಳಿಸಿಕೊಂಡು ನಗುತ್ತಿದ್ದೆವಲ್ಲ. ನನಗೆ ಬೈದದ್ದು ಇದೇ ಮೊದಲು.

ಮೆಟ್ಟಿಲ ಕೆಳಗೆ ರಸ್ತೆಯ ಮೇಲೇ ಕೂತು, ಅವರ ಕಾಲನ್ನು ಮಡಿಲಲ್ಲಿಟ್ಟುಕೊಂಡು ಬೂಟಿನ ದಾರ ಬಿಚ್ಚಿದೆ. “ಎಲ್ಲಿ, ಸರಿಯಾಗಿ ತೋರಿಸಿ,” ಅಂದೆ.

ಆ ಗಂಟಿನ ಹತ್ತಿರ ಅಚ್ಚಿಗೆ ಎಷ್ಟು ಸೇರಿಸಬೇಕು ಅಂತ ನಿನ್ನನ್ನು ಕೇಳೋಣ ಅಂತಲೇ ಬರೆಯಲು ಕೂತೆ. ಆದರೆ ನಿನ್ನ ಉತ್ತರ ಬರಲು ನಾಲ್ಕು ದಿನ ಬೇಕು, ಅವರಿಗೆ ನಾಳೆ ಎಂಟಕ್ಕೆ ಬೂಟು ಬೇಕು. ನಾನೇ ನೋಡಿ ಸೇರಿಸುತ್ತೇನೆ.

ನಿನ್ನ ತಮ್ಮ